ಎರಡು ಮೊಳಕ್ಕೆ ಒಂದು ಬೆರಳು

ಆಗ ನಮ್ಮ ಬೈಲಹೊಂಗಲಕ್ಕೆ ರೈಲು ಇರಲಿಲ್ಲ. ಈಗಲೂ ಇಲ್ಲ, ಆ ಮಾತು ಬೇರೆ. ಆದರೆ ಆಗ ಇಲ್ಲದ ರೈಲಿನ ಬಗ್ಗೆ ಮಾತಾಡಲು ಜನರಿಗೆ ಪುರುಸೊತ್ತಿತ್ತು. ರೈಲು ಹತ್ತಬೇಕೆಂದರೆ ಬುತ್ತಿ ಕಟ್ಟಿಕೊಂಡು ಧಾರವಾಡಕ್ಕೋ ಬೆಳಗಾವಿಗೋ ಬಸ್ಸಿನಲ್ಲಿ ಹೋಗಬೇಕಾಗಿತ್ತು. ನಮ್ಮ ಓಣಿಯ ಮಕ್ಕಳಲ್ಲಿ ರೈಲು ಕಂಡವರು ನಾಲ್ಕು ಮಂದಿ, ಹತ್ತಿದವರು ಇಬ್ಬರು, ಉಳಿದವರೆಲ್ಲ ಹತ್ತಿದ್ದೇವೆಂದು ಸುಳ್ಳು ಹೇಳಿದವರು. ನಾನು ಈ ಕೊನೆಯ ಗುಂಪಿನವಳು.

ಅಂಥ ಊರಿಗೆ, ನಾನು ಆರನೆಯ ಇಯತ್ತೆಯ ಪರೀಕ್ಷೆ ಮುಗಿಸಿ ಕುಳಿತಿದ್ದ ಬೇಸಿಗೆಯಲ್ಲಿ, ಒಂದು ರೈಲು ಬಂತು. ತಂದವನು ನನ್ನ ಕಾಕಾ, ಅಪ್ಪನ ತಮ್ಮ. ಲೋಂಡಾದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ; ಬರುವ ಗಾಡಿಗೆ ಸರಿಯಾದ ಹಳಿ ತಿರುಗಿಸಿ ಕೊಡುವ ಕೆಲಸ. ಅಷ್ಟು ವರ್ಷ ರೈಲುಗಳ ನಡುವೆ ಓಡಾಡಿ ಏನೂ ಆಗದ ಮನುಷ್ಯ, ತನ್ನ ಕ್ವಾರ್ಟರ್ಸಿನ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ನೋಡಲು ಬಂದವರೆಲ್ಲ “ರೈಲಿನಾಗಿಂದ ಬಿದ್ರೇನ್ರಿ?” ಎಂದು ಕೇಳುತ್ತಿದ್ದರು. ಕಾಕಾ ನಾಲ್ಕು ದಿನ ನಿಜ ಹೇಳಿದ. ಐದನೆಯ ದಿನದಿಂದ “ಹೂಂನ್ರಿ” ಎನ್ನತೊಡಗಿದ. ಬಂದವರಿಗೂ ಅದರಿಂದ ಸಮಾಧಾನವಾಗುತ್ತಿತ್ತು.

ಸೊಂಟದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾಕಾ ನಮ್ಮ ಪಡಸಾಲೆಯ ಹೊರಸಿನ ಮೇಲೆ ಬಿದ್ದುಕೊಂಡ. ಅವನ ಟ್ರಂಕು ಬಿಚ್ಚಿದಾಗ ಅಂಗಿ ಧೋತರಗಳ ಅಡಿಯಲ್ಲಿ ತಗಡಿನ ರೈಲು ಸಿಕ್ಕಿತು: ಒಂದು ಇಂಜಿನ್, ಮೂರು ಡಬ್ಬಿ, ತುಂಡು ತುಂಡಾದ ಹಳಿ. ಮದುವೆ ಮಾಡಿಕೊಳ್ಳದ ಕಾಕಾ ಅದನ್ನು ಯಾರಿಗೆಂದು ಕೊಂಡಿದ್ದನೋ ಗೊತ್ತಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ಅಪ್ಪ ತಂದು ಎರಡು ಪೆಟ್ಟಿಗೆಗಳ ಮೇಲೆ ಅಡ್ಡ ಹಾಕಿದರು. ಹಳಿಯ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಕೋಳಿಮೊಟ್ಟೆಯ ಆಕಾರ ಬರುತ್ತಿತ್ತು. ಕೀಲಿ ಕೊಟ್ಟು ಬಿಟ್ಟರೆ ರೈಲು ಕರಕರ ಸದ್ದು ಮಾಡುತ್ತ ಎಂಟು ಸುತ್ತು ಹಾಕಿ, ಒಂಬತ್ತನೆಯದರಲ್ಲಿ ಏದುಸಿರು ಬಿಡುತ್ತ ನಿಲ್ಲುತ್ತಿತ್ತು. ಆ ಬೇಸಿಗೆಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಒಳಗಿನಿಂದ ಉಪ್ಪಿನಕಾಯಿಯ ಒಗ್ಗರಣೆ, ಹೊರಗೆ ಇಂಜಿನ್ನಿಗೆ ಹಾಕಿದ ಹೊಲಿಗೆ ಮಶೀನಿನ ಎಣ್ಣೆ, ನಡುವೆ ಕಾಕಾನ ಕಾಲಿನ ಸುಣ್ಣದ ವಾಸನೆ.

ಎರಡು ದಿನ ಓಡಿಸಿದ ಮೇಲೆ ನಮಗೆ ಬೇಜಾರು ಬಂತು. ಕಾಕಾನಿಗೆ ಬಂದಿರಲಿಲ್ಲ.

“ಬರೇ ಸುತ್ತು ಹಾಕಿದ್ರ ಅದು ಗಾಣದ ಎತ್ತು ಆತಲ್ಲವಾ,” ಎಂದ. “ರೈಲಿಗೆ ಊರು ಬೇಕು. ನಮ್ಮೂರನ್ನ ಕಟ್ಟೂಣು. ಬೈಲಹೊಂಗಲಕ್ಕ ರೈಲು ಬರೂದಾದ್ರ ಮೊದಲು ಈ ಹಲಗಿ ಮ್ಯಾಲ ಬರಲಿ.”

ಕಟ್ಟುವುದಕ್ಕೆ ಕಾಕಾನ ಹತ್ತಿರ ಒಂದು ಪದ್ಧತಿ ಇತ್ತು. ಯಾವ ಕಟ್ಟಡವನ್ನೂ ಮೊದಲೇ ಪಕ್ಕಾ ಮಾಡುವಂತಿಲ್ಲ. ಮೊದಲು ಹಳೆಯ ರಟ್ಟಿನಲ್ಲಿ, ಬಣ್ಣ ಬಳಿಯದೆ, ಬರೀ ಗೋಡೆ ಮತ್ತು ಮಾಳಿಗೆಯ ಒಂದು ಕಚ್ಚಾ ಕಟ್ಟಡ ಮಾಡಬೇಕು. ಅದನ್ನು ಹಲಗೆಯ ಮೇಲೆ ಇಟ್ಟು ಎಂಟು ದಿನ ನೋಡಬೇಕು. ರೈಲು ಬಡಿಯುತ್ತದೋ, ಪಕ್ಕದ ಕಟ್ಟಡಕ್ಕೆ ಹೊಂದುತ್ತದೋ, ಕಣ್ಣಿಗೆ ಸರಿ ಕಾಣುತ್ತದೋ ನೋಡಿ ಆಮೇಲೆ ತೆಳ್ಳನೆಯ ಕಟ್ಟಿಗೆಯಲ್ಲಿ ಪಕ್ಕಾ ಕಟ್ಟಡ, ಬಣ್ಣ, ಕಿಟಕಿ, ಬೋರ್ಡು. “ಕಚ್ಚಾದಾಗ ಎಷ್ಟರೆ ತಪ್ಪು ಮಾಡ್ರಿ, ಹರದು ಒಗದ್ರಾತು,” ಎನ್ನುತ್ತಿದ್ದ. ಆ ಸ್ವಾತಂತ್ರ್ಯ ನಮಗೆ ಬಹಳ ಹಿಡಿಸಿತ್ತು. ಶಾಲೆಯಲ್ಲಿ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ.

ನಾವು ಎಂದರೆ ನಾನು ಮತ್ತು ಸುಜಾತಾ. ಸುಜಾತಾ ನನ್ನ ಬೆಂಚಿನವಳು. ಅವಳ ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬುಕ್ಕುಗಳಿಗೆ ರಟ್ಟು ಕಟ್ಟುವ ಬೈಂಡರ್. ಹೀಗಾಗಿ ನಮ್ಮ ಊರಿಗೆ ಬೇಕಾದ ರಟ್ಟೆಲ್ಲ ಅವಳ ಮನೆಯಿಂದ ಬಂತು: ಕೊಯ್ದು ಉಳಿದ ಪಟ್ಟಿಗಳು, ಮೂಲೆ ಮುರಿದ ಹಾಳೆಗಳು. ರಟ್ಟಿನ ಜೊತೆ ಕೈಚಳಕವೂ ಬಂತು. ನಾನು ರಟ್ಟನ್ನು ಮಡಚಿದರೆ ಮೂಲೆ ಬಿರಿದು ನಾರು ಏಳುತ್ತಿತ್ತು. ಅವಳು ಮೊಂಡ ಚಾಕುವಿನಿಂದ ಹಗುರವಾಗಿ ಒಂದು ಗೆರೆ ಎಳೆದು, ಉಗುರಿನಿಂದ ತೀಡಿ ಮಡಚಿದರೆ ಗೋಡೆಯ ಮೂಲೆ ಕಲ್ಲಿನಲ್ಲಿ ಕಟ್ಟಿದಂತೆ ನಿಲ್ಲುತ್ತಿತ್ತು.

“ಕೊಯ್ಯಬಾರದ, ಗೀರಬೇಕ,” ಎನ್ನುತ್ತಿದ್ದಳು, ಥೇಟ್ ಅವರಪ್ಪನ ಧಾಟಿಯಲ್ಲಿ. “ಎಷ್ಟು ಸಲ ಹೇಳಬೇಕ ಶೈಲಾ ನಿನಗ?”

ಅಂಟು ನಮ್ಮ ಮನೆಯದು. ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು, ತಾನೇ ಒಲೆಯ ಮುಂದೆ ಕುಳಿತು ಮೈದಾಹಿಟ್ಟಿನ ಅಂಟು ಕಾಯಿಸಿ ಬಟ್ಟಲಲ್ಲಿ ಕಳಿಸುತ್ತಿದ್ದಳು. ಅದರ ಜೊತೆ ಸುಜಾತಾಳಿಗೆಂದು ಶೇಂಗಾ ಉಂಡಿಯೋ ಮಾವಿನಹಣ್ಣಿನ ಹೋಳೋ ಬರುತ್ತಿತ್ತು. “ಶ್ಯಾಣ್ಯಾ ಹುಡುಗಿ. ನಮ್ಮಾಕಿ ಬರೇ ಮಾತಿನ ಮಲ್ಲಿ,” ಎಂದು ನನ್ನನ್ನು ಹಂಗಿಸುತ್ತಿದ್ದಳು. ಆಯಿಗೆ ಅವಳ ಮೇಲೆ ಪ್ರೀತಿ ಇತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ಆಯಿಯನ್ನು ಕೆಟ್ಟವಳೆಂದುಕೊಳ್ಳುವುದು ಬಹಳ ಸುಲಭ.

ಸುಜಾತಾ ಕುಡಿಯುವ ಲೋಟ ಪಡಸಾಲೆಯ ಗೋಡೆಯ ಮಾಡದಲ್ಲಿ ಬೋರಲಾಗಿ ಇರುತ್ತಿತ್ತು. ಅವಳ ಮನೆಯವರು ಬುದ್ಧನನ್ನು ಪೂಜಿಸುವವರು, ಅವರ ಓಣಿ ಊರಿನ ಆ ತುದಿಗೆ, ಇಷ್ಟು ನನಗೆ ಗೊತ್ತಿತ್ತು. ಅವಳು ಪಡಸಾಲೆ ದಾಟಿ ನಮ್ಮ ನಡುಮನೆಗೆ ಎಂದೂ ಬಂದಿರಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಆ ಲೋಟದ ಬಗ್ಗೆ ನಾನು ಆಯಿಯನ್ನು ಒಮ್ಮೆಯೂ ಕೇಳಲಿಲ್ಲ. ಎಲ್ಲದಕ್ಕೂ “ಯಾಕ?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದ ಹುಡುಗಿ ಅದೊಂದನ್ನು ಕೇಳಲಿಲ್ಲ ಎಂದರೆ ನನಗೆ ಉತ್ತರ ಗೊತ್ತಿತ್ತು ಎಂದೇ ಅರ್ಥ.

ಇನ್ನು ಅಳತೆಯ ಮಾತು. ಊರು ಹಲಗೆಯ ಮೇಲೆ ಬರಬೇಕೆಂದರೆ ಅಳತೆ ಬೇಕು. ಕಾಕಾ ಏಳುವಂತಿರಲಿಲ್ಲ, ಮನೆಯಲ್ಲಿ ಟೇಪು ಇರಲಿಲ್ಲ. “ಟೇಪ್ ಯಾಕ? ದೇವರು ಕೈ ಕೊಟ್ಟಾನಲ್ಲ,” ಎಂದು ಕಾಕಾ ಲೆಕ್ಕ ಹಾಕಿಕೊಟ್ಟ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಊರಿನಲ್ಲಿ ಎರಡು ಮೊಳ ಇದ್ದದ್ದು ಹಲಗೆಯ ಮೇಲೆ ಒಂದು ಬೆರಳಗಲ. ಬೆರಳು ಮಾತ್ರ ಕಾಕಾನದು. ತನ್ನ ಬೆರಳನ್ನು ಸಾಲಾಗಿ ಇಟ್ಟು ಒಂದು ಬಿದಿರಿನ ಪಟ್ಟಿಗೆ ಕಚ್ಚು ಹಾಕಿ ಕೊಟ್ಟಿದ್ದ. ಮೊಳ ನಮ್ಮದು. ನಾನೂ ಸುಜಾತಾಳೂ ಕಟ್ಟೆಯ ಮೇಲೆ ಮೊಣಕೈ ಊರಿ ಕೈಗೆ ಕೈ ಹಚ್ಚಿ ನೋಡಿದೆವು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. “ಯಾರ ಅಳದ್ರೂ ನಡೀತೈತಿ ಹಂಗಾರ,” ಎಂದ ಕಾಕಾ.

ಬಸ್ ಸ್ಟ್ಯಾಂಡಿನ ಮುಂದೆ ಧೂಳಿನಲ್ಲಿ ಮೊಣಕಾಲೂರಿ, ನೆಲಕ್ಕೆ ಕೈ ಚಾಚಿ, ಬಳಪದಿಂದ ಗುರುತು ಹಾಕಿ, ಮತ್ತೆ ಕೈ ಚಾಚುತ್ತ ನಾವು ಮುಂದುವರಿಯುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಕಡಲೆ ಮಾರುವ ಮುದುಕಿಯೊಬ್ಬಳು “ಏನ ಕಳಕೊಂಡೀರಿ ನನ್ನವ್ವಗೋಳ್ಯಾ? ಕಿವ್ಯಾಂದೇನ?” ಎಂದು ತಾನೂ ಬಗ್ಗಿ ಹುಡುಕಿದಳು. ಸುಜಾತಾ ಗಂಭೀರವಾಗಿ “ರೈಲ್ವೇ ಸರ್ವೆ ನಡದೈತ್ರಿ ಆಯಿ,” ಎಂದಳು. ಅಂದು ಸಂಜೆಯೊಳಗೆ ಊರಿಗೆ ರೈಲು ಬರುವುದು ಖಾತ್ರಿಯಾಯಿತು. ಇಬ್ಬರು ಹಿರಿಯರು ನಮ್ಮ ಪಡಸಾಲೆಗೆ ಬಂದು ಕಾಕಾನನ್ನು ವಿಚಾರಿಸಿ, ಹಲಗೆಯನ್ನು ನೋಡಿ ನಕ್ಕು, ನಕ್ಕ ಮೇಲೂ ಎದ್ದು ಹೋಗದೆ ಸ್ಟೇಶನ್ನು ಎಲ್ಲಿರಬೇಕೆಂದು ಜಗಳಾಡಿದರು. ಹತ್ತಿ ಏರಿಸಲು ಅನುಕೂಲವಾಗುವಂತೆ ಮಾರ್ಕೆಟ್ಟಿನ ಪಕ್ಕ ಇರಲಿ ಎಂದವರೊಬ್ಬರು. ಇನ್ನೊಬ್ಬರಿಗೆ ಎಲ್ಲಿದ್ದರೂ ಅಡ್ಡಿಯಿರಲಿಲ್ಲ, ತಮ್ಮ ಮನೆಯ ಹತ್ತಿರ ಮಾತ್ರ ಸೀಟಿಯ ಸದ್ದು ಬೇಡವಾಗಿತ್ತು. ತಗಡಿನ ಇಂಜಿನ್ನಿಗೆ ಸೀಟಿಯೇ ಇರಲಿಲ್ಲ.

ಬಸ್ ಸ್ಟ್ಯಾಂಡ್ ಆಯಿತು, ಶಾಲೆ ಆಯಿತು, ಮಾರ್ಕೆಟ್ಟಿನ ಒಂದು ಶೆಡ್ಡು ಆಯಿತು, ಇಲ್ಲದ ಸ್ಟೇಶನ್ನೂ ಆಯಿತು. ಆಮೇಲೆ ಮನೆಗಳು. ಮೊದಲು ಸುಜಾತಾಳ ಮನೆ ಅಳೆದೆವು.

ಅವಳ ಮನೆಯಲ್ಲಿ ಮೂರು ಕೋಣೆ, ಒಂದರ ಹಿಂದೆ ಒಂದು. ಮುಂದಿನ ಕೋಣೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಅವಳಪ್ಪ ಬೈಂಡ್ ಮಾಡಲು ತಂದ ಬುಕ್ಕುಗಳ ರಾಶಿ. ನಾನು ಹೊಸ್ತಿಲಿನಿಂದ ಅಳೆಯುತ್ತ ಹೋದೆ. ಎರಡನೆಯ ಕೋಣೆ ದಾಟಿ ಅಡಿಗೆ ಮನೆಯ ಬಾಗಿಲಲ್ಲಿ ಕೈ ತಡೆದೆ. ರೊಟ್ಟಿ ಬಡಿಯುತ್ತಿದ್ದ ಅವಳ ಅವ್ವ ನನ್ನನ್ನು ನೋಡಿ ಹಿಟ್ಟಿನ ಕೊಣಮಿಗೆಯನ್ನು ಬದಿಗೆ ಸರಿಸಿದರು.

“ಬಾರವಾ, ಒಲಿ ಮಟಾ ಅಳಕೋ. ಅರ್ಧಾ ಅಳದ್ರ ಮನಿ ಹೆಂಗ ಆಕ್ಕೈತಿ?”

ಒಲೆಯವರೆಗೂ ಅಳೆದೆ. ಹಿಂದಿನ ಗೋಡೆಗೆ ಬೆರಳು ತಾಗಿದಾಗ ಇಪ್ಪತ್ತಾರು ಮೊಳ. ಅಲ್ಲಿಯೇ ಕುಳಿತು ಬಿಸಿ ರೊಟ್ಟಿ, ಖಾರದ ಹಿಂಡಿ, ಗಟ್ಟಿ ಮೊಸರು ತಿಂದೆ. ಮನೆಗೆ ಹೋಗುವ ಮುನ್ನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಮುಖ ಒರೆಸಿಕೊಂಡೆ. ಅದನ್ನು ಸುಜಾತಾ ನೋಡಿದಳು.

ನಮ್ಮ ಮನೆಯನ್ನು ಅಳೆಯುವ ಪ್ರಸಂಗವೇ ಬರಲಿಲ್ಲ. ಆಯಿಗೆ ಅಳತೆ ಬಾಯಿಪಾಠವಿತ್ತು. “ಮೂವತ್ತು ಮೊಳ. ನಿಮ್ಮ ಮುತ್ಯಾ ಪಾಯಾ ತೋಡೂ ದಿನಾ ತನ್ನ ಕೈಲೇ ಅಳದಿದ್ದ, ನಾ ಎದುರಿಗೇ ನಿಂತಿದ್ದೆ,” ಎಂದಳು. ಮೂವತ್ತು ಮೊಳಕ್ಕೆ ಹದಿನೈದು ಬೆರಳು. ಸುಜಾತಾಳ ಮನೆಗೆ ಹದಿಮೂರು. ಎರಡನ್ನೂ ಹಲಗೆಯ ಮೇಲೆ ಇಟ್ಟೆವು.

ಮಧ್ಯಾಹ್ನ ಅಂಟಿನ ಬಟ್ಟಲು ತಂದ ಆಯಿ ನಿಂತು ನೋಡಿದಳು. ಎರಡೂ ಮನೆಗಳು ಅಕ್ಕತಂಗಿಯರಂತೆ ಹೆಚ್ಚುಕಡಿಮೆ ಒಂದೇ ಎತ್ತರ ಉದ್ದಕ್ಕೆ ನಿಂತಿದ್ದವು.

“ಇದು ಯಾರ ಮನಿ?”

“ನಮ್ಮದ್ರಿ ಆಯಿ,” ಎಂದಳು ಸುಜಾತಾ.

ಆಯಿಗೆ ನಗು ಬಂತು. “ನಿಮ್ಮನಿ ನಮ್ಮನಿಯಷ್ಟ ಐತೇನ? ಹದಿನಾರು ಅಂಕಣದ ಮನಿ ಇದು. ಎಲ್ಲೋ ಸುಳ್ಳು ಎಣಿಸಿ ಬಿಡು.”

ಆಯಿ ಅದನ್ನು ಕೋಪದಿಂದ ಹೇಳಿರಲಿಲ್ಲ. ಆದರೆ ಸುಜಾತಾಳ ಮುಖ ಕಪ್ಪಿಟ್ಟಿತು. “ಸುಳ್ಳು ಎಣಿಸಿಲ್ರಿ. ಶೈಲಾನ ಅಳದಾಳ. ಇಪ್ಪತ್ತಾರ ಐತ್ರಿ,” ಎಂದಳು. ಸುಳ್ಳಿ ಎನಿಸಿಕೊಂಡು ಮನೆಗೆ ಹೋಗಲು ಅವಳು ತಯಾರಿರಲಿಲ್ಲ. ಅವಳಪ್ಪ ಪುಟಗಳನ್ನು ಎಣಿಸಿ ಹೊಲಿಯುವ ಮನುಷ್ಯ. ಎಣಿಕೆ ತಪ್ಪುವುದು ಆ ಮನೆಯಲ್ಲಿ ಸಣ್ಣ ಮಾತಾಗಿರಲಿಲ್ಲ.

ಹೊರಸಿನ ಮೇಲೆ ಕಾಕಾ ಸ್ವಲ್ಪ ಹೊತ್ತು ಸೂರು ನೋಡಿದ. ಆಮೇಲೆ ತೊಡೆ ತಟ್ಟಿ ನಗತೊಡಗಿದ. “ಅವ್ವಾ, ಯಾರದೂ ಸುಳ್ಳಲ್ಲ. ನಮ್ಮಪ್ಪ ಆರಡಿ ಆಳು, ಅವನ ಮೊಳ ಎಷ್ಟು ಉದ್ದ! ಇವರ ಕೈ ನೋಡು, ಬೆಂಡಿಕಾಯಿ ಇದ್ದಂಗ ಅದಾವು. ಸಣ್ಣ ಕೈಲೇ ಅಳದ್ರ ಮೊಳ ಹೆಚ್ಚು ಬರ್ತಾವು. ಊರೆಲ್ಲಾ ಒಂದ ಕೈಲೇ ಅಳೀಬೇಕಾಗಿತ್ತು, ನನ್ನದ ತಪ್ಪು.”

ಬಿದ್ದು ಬಿದ್ದು ನಕ್ಕೆವು. ಆಯಿಯೂ ನಕ್ಕಳು. ಸುಜಾತಾ ಕಣ್ಣೊರೆಸಿಕೊಂಡು, ಬಳಪ ಕೈಗೆ ತೆಗೆದುಕೊಂಡು, ಅತ್ಯಂತ ಸಹಜವಾದ ಮಾತನ್ನು ಹೇಳಿದಳು:

“ಹಂಗಾರ ಈ ಮನೀನ ನಾ ಅಳೀತೇನ್ರಿ ಕಾಕಾ. ಶೈಲಾ ನಮ್ಮ ಮನಿ ಅಳದಾಳಲ್ಲ.”

“ಅಳಿಯವಾ,” ಎಂದ ಕಾಕಾ.

ಅವಳು ತಲೆಬಾಗಿಲ ಹೊಸ್ತಿಲಿನಿಂದ ಶುರು ಮಾಡಿದಳು. ನಾನು ಪಕ್ಕದಲ್ಲಿ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಹೊರಸಿನ ಕೆಳಗೆ ನುಸುಳಿ, ಹಲಗೆಯ ಪೆಟ್ಟಿಗೆಗಳ ನಡುವೆ ತೆವಳಿ, ಹನ್ನೆರಡಕ್ಕೆ ನಡುಮನೆಯ ಹೊಸ್ತಿಲು ಮುಟ್ಟಿದಳು. ಹದಿಮೂರನೆಯ ಮೊಳಕ್ಕೆ ಕೈ ಎತ್ತಿದಳು.

“ಸಾಕ ಬಿಡವಾ,” ಎಂದಳು ಆಯಿ. ಬಹಳ ಮೆತ್ತಗೆ ಅಂದಳು. “ಅಲ್ಲಿ ಮಟಾ ಸಾಕು. ಒಳಗಿಂದು ಅಂದಾಜಲೇ ಹಾಕ್ಕೋರಿ.”

ಸುಜಾತಾಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಹಿಂದೆ ಬಂತು. ನಾನು ಕಾಕಾನ ಮುಖ ನೋಡಿದೆ. ಕಾಕಾ ತನ್ನ ಪ್ಲಾಸ್ಟರಿನ ಅಂಚನ್ನು ಕೆರೆದುಕೊಳ್ಳುತ್ತಿದ್ದ. ನಾನು ಎಣಿಕೆಯನ್ನು ಹನ್ನೆರಡಕ್ಕೇ ನಿಲ್ಲಿಸಿದೆ. ಎದ್ದು ನಿಂತ ಸುಜಾತಾ ಲಂಗ ಝಾಡಿಸಿಕೊಂಡು ಬಿದಿರಿನ ಪಟ್ಟಿ ತೆಗೆದುಕೊಂಡಳು. ಹನ್ನೆರಡು ಮೊಳಕ್ಕೆ ಆರು ಬೆರಳು. ಗೆರೆ ಎಳೆದಳು, ತೀಡಿದಳು, ಮಡಚಿದಳು. ಅವಳ ಕೈಯ ಕೆಲಸ ಎಂದಿನಂತೆಯೇ ಅಚ್ಚುಕಟ್ಟಾಗಿತ್ತು. ನಮ್ಮ ಹದಿನೈದು ಬೆರಳಿನ ಮನೆಯನ್ನು ತೆಗೆದು ಆ ಜಾಗದಲ್ಲಿ ಆರು ಬೆರಳಿನದನ್ನು ಇಟ್ಟಳು.

ಮರುದಿನ ಆಯಿ ಅದನ್ನು ಕಂಡಳು. ಅವಳ ಹದಿನಾರು ಅಂಕಣದ ಮನೆ ಸುಜಾತಾಳ ಮನೆಯ ಅರ್ಧದಷ್ಟೂ ಇರಲಿಲ್ಲ.

“ನನ್ನ ನಡುಮನಿ ಎಲ್ಲಿ? ಅಡಿಗಿ ಮನಿ? ದೇವರ ಖೋಲಿ?”

“ಅವನ್ನ ನಾ ಅಳದಿಲ್ರಿ ಆಯಿ,” ಎಂದಳು ಸುಜಾತಾ. ಆ ದನಿಯಲ್ಲಿ ಕುಹಕವಾಗಲಿ ಸಿಟ್ಟಾಗಲಿ ಇರಲಿಲ್ಲ. ಅಳೆದಿರಲಿಲ್ಲ, ಅದಕ್ಕೆ ಮಾಡಿರಲಿಲ್ಲ.

“ಅಂದಾಜಲೇ ಹಾಕ್ರಿ ಅಂದಿದ್ನೆಲ್ಲ.”

ಉತ್ತರ ಕೊಟ್ಟವನು ಕಾಕಾ. “ರೇಲ್ವೆದಾಗ ಅಂದಾಜು ನಡ್ಯೂದಿಲ್ಲ ಅವ್ವಾ. ಅಳದಷ್ಟ ಬರೀತಾರ.”

ಆಯಿ ಬಟ್ಟಲನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಎಂಟು ದಿನ ಇಟ್ಟು ನೋಡಬೇಕೆಂಬ ಪದ್ಧತಿ ಇತ್ತಲ್ಲ, ಅದರಂತೆ ಆ ಮನೆ ಅಲ್ಲಿಯೇ ಇತ್ತು. ಬಂದವರೆಲ್ಲ ನೋಡುತ್ತಿದ್ದರು. “ಇದೇನ್ರಿ, ನಿಮ್ಮನಿ ಪಾನ್ ಅಂಗಡಿ ಆಗೇತಲ್ಲ!” ಎಂದು ಒಬ್ಬರು ಚೇಷ್ಟೆ ಮಾಡಿದರು. ಆಯಿ ನಗಲಿಲ್ಲ. ಅವಳು ಹಾಸಿದ ನೆಲ, ಅವಳು ಸಾರಿಸಿದ ಒಲೆ, ಅವಳು ಐದು ಬಾಣಂತನ ಮಾಡಿದ ಕೋಣೆ, ಯಾವುದೂ ಆ ಊರಿನಲ್ಲಿ ಇರಲಿಲ್ಲ. ಶ್ಯಾವಿಗೆ ಒಣಹಾಕಲು ಹೋಗುವಾಗ ಬರುವಾಗ ಹಲಗೆಯ ಕಡೆ ನೋಡದೆ ಹಾಯುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವಳು ಹಚ್ಚಿದ ಹರಳೆಣ್ಣೆಯಿಂದ ತಲೆ ತಣ್ಣಗಾಗಿಸಿಕೊಂಡು, ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು.

ಆದ್ದರಿಂದ ಒಂದು ಬೆಳಗ್ಗೆ, ಸುಜಾತಾ ಬರುವ ಮೊದಲು, ನಾನೇ ನಡುಮನೆಯ ಹೊಸ್ತಿಲಿನಿಂದ ಅಳೆಯತೊಡಗಿದೆ. ನಡುಮನೆ, ಅಡಿಗೆ ಮನೆ, ಬಚ್ಚಲು ದಾಟಿ ಹಿತ್ತಲ ಗೋಡೆಯವರೆಗೆ ಇಪ್ಪತ್ತೆಂಟು ಮೊಳ. ಹದಿನಾಲ್ಕು ಬೆರಳಿನ ರಟ್ಟು ಕತ್ತರಿಸಿ, ನನ್ನ ಕೈಲಾದಷ್ಟು ನೀಟಾಗಿ ಮಡಚಿ, ಸುಜಾತಾ ಮಾಡಿದ ಆರು ಬೆರಳಿನ ಮನೆಯ ಹಿಂದೆ ಅಂಟಿಸಿದೆ. ಮೂಲೆಗಳು ಬಿರಿದು ನಾರು ಎದ್ದಿದ್ದವು. ಆಯಿಯನ್ನು ಕರೆದು ತೋರಿಸಿದೆ. ಅವಳು ಬೆರಳಿಟ್ಟು ಒಂದೊಂದೇ ಕೋಣೆಯನ್ನು ಗುರುತಿಸಿದಳು. “ಇಲ್ಲಿ ಒಲಿ. ಇಲ್ಲಿ ಬೀಸೂಕಲ್ಲು,” ಎಂದಳು. ನನ್ನ ಗದ್ದ ಹಿಡಿದು ಮುತ್ತು ಕೊಟ್ಟಳು. ನನ್ನ ಎದೆ ಉಬ್ಬಿತು. ಮುರಿದದ್ದನ್ನು ಸರಿ ಮಾಡಿದೆನೆಂದುಕೊಂಡೆ.

ಹತ್ತು ಗಂಟೆಗೆ ಸುಜಾತಾ ರಟ್ಟಿನ ಕಟ್ಟು ಹಿಡಿದು ಬಂದಳು. ಬಂದವಳೇ ಹಲಗೆಯ ಮುಂದೆ ನಿಂತಳು. ನನ್ನ ಕಚ್ಚಾ ಕೆಲಸವನ್ನು ಅವಳು ದೂರದಿಂದಲೇ ಗುರುತಿಸುತ್ತಿದ್ದಳು.

“ಯಾರ ಮೊಳಲೇ ಅಳದಿ?”

“ನಂದ,” ಎಂದೆ. ಮತ್ತೆ, ತಕರಾರು ಬರಬಾರದೆಂದು ಅವಸರದಿಂದ ಸೇರಿಸಿದೆ, “ನಂದೂ ನಿಂದೂ ಒಂದ ಐತೆಲ್ಲ, ಏನೂ ಫರಕ ಆಗೂದಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು.

“ಹೌದು, ಒಂದ ಐತಿ,” ಎಂದಳು. “ಮತ್ತ ನಾ ಯಾಕ ಅಳೀಬಾರದಿತ್ತು?”

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು ಎಂದು ಆಗಲೇ ಹೇಳಿದೆನಲ್ಲ. ಹೊರಸಿನ ಮೇಲಿದ್ದ ಕಾಕಾನಿಗೂ ಗೊತ್ತಿತ್ತು. ಕೇಳಿದವಳಿಗೂ ಗೊತ್ತಿತ್ತು, ಅವಳಿಗೆ ನನ್ನ ಬಾಯಿಂದ ಏನಾದರೂ ಬರಬೇಕಾಗಿತ್ತು ಅಷ್ಟೇ. “ತಪ್ಪಾತು” ಎಂದಿದ್ದರೂ ಸಾಕಾಗುತ್ತಿತ್ತೋ ಏನೋ. ನಾನು ಇಂಜಿನ್ ಎತ್ತಿಕೊಂಡು ಕೀಲಿ ತಿರುಗಿಸತೊಡಗಿದೆ. ರೈಲು ಹಳಿಗಿಟ್ಟು ಬಿಟ್ಟೆ. ಅದು ಬಸ್ ಸ್ಟ್ಯಾಂಡ್ ದಾಟಿ, ಶಾಲೆ ದಾಟಿ, ಅವಳ ಮನೆ ದಾಟಿ, ನಮ್ಮ ಮನೆ ದಾಟಿ ಸುತ್ತತೊಡಗಿತು. ಅದು ನಿಲ್ಲುವುದರೊಳಗೆ ಸುಜಾತಾ ತಂದ ರಟ್ಟಿನ ಕಟ್ಟನ್ನು ಹೊರಸಿನ ಕಾಲಿಗೆ ಒರಗಿಸಿಟ್ಟು ಚಪ್ಪಲಿ ಮೆಟ್ಟಿದ್ದಳು. ತನ್ನ ಮನೆಯನ್ನು ಅವಳು ಒಯ್ಯಲಿಲ್ಲ.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ. ದಿನಾ ಹೋಗಬೇಕೆಂದುಕೊಂಡು ಊರ ಅಗಸಿ ಬಾಗಿಲವರೆಗೆ ನಡೆದು ಹಿಂದಿರುಗುತ್ತಿದ್ದೆ. ವಾರದ ಮೇಲೆ ಆಯಿ ಕೇಳಿದಳು, “ಆ ಹುಡುಗಿ ಯಾಕ ಬರವಲ್ಲಳು? ಉಂಡಿ ತಗದಿಟ್ಟೇನಿ, ಇರಿವಿ ಮುತ್ತಾಕತ್ತಾವು.” ಆಯಿಗೆ ನಿಜವಾಗಿಯೂ ತಿಳಿದಿರಲಿಲ್ಲವೇ? ಇಷ್ಟು ವರ್ಷ ಯೋಚಿಸಿಯೂ ನನಗೆ ಗೊತ್ತಾಗಿಲ್ಲ. ಆ ಉಂಡಿಗಳನ್ನು ನಾನೇ ತಿಂದೆ. ಅವು ಚೆನ್ನಾಗಿಯೇ ಇದ್ದವು, ಅದಕ್ಕೇ ಇನ್ನಷ್ಟು ನಾಚಿಕೆಯಾಗುತ್ತದೆ.

ಶಾಲೆ ತೆರೆದಾಗ ಸುಜಾತಾ ಮುಂದಿನ ಬೆಂಚಿಗೆ ಹೋಗಿ ಕುಳಿತಿದ್ದಳು. ಜಗಳವೇನೂ ಇರಲಿಲ್ಲ. ಪೆನ್ಸಿಲ್ ಕೇಳಿದರೆ ಕೊಡುತ್ತಿದ್ದಳು. ಜಗಳವಾಗಿದ್ದರೆ ಒಂದು ದಿನ ರಾಜಿಯಾದರೂ ಆಗುತ್ತಿತ್ತು. ಕಾಕಾನ ಪ್ಲಾಸ್ಟರು ಬಿಚ್ಚಿತು. ಅವನು ಕೋಲು ಊರಿಕೊಂಡು ಲೋಂಡಾಕ್ಕೆ ಹೋದ. ಪಕ್ಕಾ ಕಟ್ಟಡಗಳನ್ನು ದೀಪಾವಳಿಗೆ ಬಂದು ಮಾಡೋಣವೆಂದಿದ್ದ. ದೀಪಾವಳಿಗೆ ಬಂದಾಗ ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟರಲ್ಲಿ ಮಳೆಗಾಲದ ಜಿರಲೆಗಳು ಮೈದಾ ಅಂಟನ್ನು ತಿಂದು ಊರನ್ನು ಮುಗಿಸಿದ್ದವು.

ಕಾಕಾ ಈ ಬಗ್ಗೆ ಮಾತಾಡಿದ್ದು ಒಂದೇ ಸಲ, ಆಯಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ನಾನು ಎರಡು ಮಕ್ಕಳ ತಾಯಿಯಾದ ಮೇಲೆ. ಯಾವುದೋ ಮಾತಿನ ನಡುವೆ ತಾನಾಗಿಯೇ ಅಂದ: “ಅವತ್ತು ನಾ ಅವ್ವಗ ಹೇಳಬೇಕಾಗಿತ್ತು ಶೈಲಾ, ಆ ಹುಡುಗಿ ಒಳಗ ಬರಲಿ ಅಂತ. ನನ್ನ ಕಾಲು ಮುರದಿತ್ತು, ಬಾಯಿ ಮುರದಿದ್ದಿಲ್ಲ.” ನಾನು ಅವನ ಕೈ ಹಿಡಿದುಕೊಂಡೆ. ನನ್ನದಂತೂ ಕಾಲೂ ಮುರಿದಿರಲಿಲ್ಲ.

ಈಗ ಆ ಮನೆ ಇಲ್ಲ. ಅಪ್ಪನ ಕಾಲದಲ್ಲಿಯೇ ಪಾಲಾಗಿ, ಬಿದ್ದು, ಅಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ. ಯಾವ ಕೈಯಿಂದ ಅಳೆದರೂ ಹದಿನಾರು ಅಂಕಣ ಸಿಕ್ಕುವುದಿಲ್ಲ. ಕಾಕಾನೂ ಹೋದ. ಊರಿಗೆ ರೈಲು ಬರುತ್ತದೆ ಎನ್ನುವವರು ಇನ್ನೂ ಇದ್ದಾರೆ, ಆದರೆ ಸ್ಟೇಶನ್ನು ಎಲ್ಲಿರಬೇಕೆಂದು ನನ್ನ ಹತ್ತಿರ ಜಗಳಾಡಲು ಯಾರೂ ಬರುವುದಿಲ್ಲ. ನನ್ನ ಮಕ್ಕಳಿಗೆ ಮೊಳ ಎಂದರೆ ಹೂವು ಮಾರುವವಳ ಕೈ. ಇವೆಲ್ಲ ಹೋದದ್ದಕ್ಕೆ ನನಗೆ ದುಃಖವಿದೆ, ಎಲ್ಲರಿಗೂ ಇರುವಷ್ಟೇ. ಹೋದದ್ದರಲ್ಲಿ ಒಂದನ್ನು ಮಾತ್ರ ಕಾಲ ಒಯ್ದಿಲ್ಲ. ಅದನ್ನು ನಾನೇ ಕಳೆದುಕೊಂಡೆ.

ಮೂರು ವರ್ಷಗಳ ಹಿಂದೆ ಸವದತ್ತಿಯಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿ ಸುಜಾತಾ ಇದ್ದಳು. ಮುನವಳ್ಳಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ. ತಲೆ ಅರ್ಧ ಬೆಳ್ಳಗಾಗಿತ್ತು. ಇಬ್ಬರಿಗೂ ಸಂತೋಷವಾಯಿತು, ಅದರಲ್ಲಿ ಸುಳ್ಳಿಲ್ಲ. ಮಕ್ಕಳು, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಎಲ್ಲ ಮಾತಾಡಿದೆವು. ಕಾಕಾ ತೀರಿಕೊಂಡದ್ದು ಕೇಳಿ “ಛೇ, ಭಾಳ ಚೊಲೋ ಮನಶ್ಯಾ,” ಎಂದು ಮರುಗಿದಳು. ನಾನು ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಮುನವಳ್ಳಿ ಹತ್ತಿರ ಬಂದಾಗ ಹೇಗೋ ಬಾಯಿ ಬಿಟ್ಟೆ.

“ಸುಜಾತಾ, ಆ ಬ್ಯಾಸಗಿ ನಂದ ತಪ್ಪಾತು.”

ಅವಳು ಯಾವ ಬೇಸಿಗೆ ಎಂದು ಕೇಳಲಿಲ್ಲ. ಕಿಟಕಿಯ ಆಚೆ ನೋಡುತ್ತ, “ಸಣ್ಣಾಕಿ ಇದ್ದಿ ಬಿಡವಾ,” ಎಂದಳು.

“ನೀನೂ ಸಣ್ಣಾಕೀನ ಇದ್ದಿ,” ಎಂದೆ.

ಬಸ್ಸು ನಿಂತಿತು. ಚೀಲ ಹೆಗಲಿಗೇರಿಸಿ ಎದ್ದಳು. ನಾನು ಅವಳ ಕೈ ಹಿಡಿದು, “ಹೊಸಾ ಮನಿ ಕಟ್ಟಿಸೇನಿ. ಒಮ್ಮೆ ಬಾ. ಒಳಗ ಕುಂತು ಉಣ್ಣೂಣು,” ಎಂದೆ.

“ಬರ್ತೇನಿ,” ಎಂದಳು ಸುಜಾತಾ. ನಕ್ಕು, ಕೈ ಬಿಡಿಸಿಕೊಂಡು ಇಳಿದು ಹೋದಳು.

ನಮ್ಮ ಕಡೆ ಬರುವವರು ಹೇಳುವುದೂ ಬರ್ತೇನಿ ಎಂದೇ, ಹೊರಟು ಹೋಗುವವರು ಹೇಳುವುದೂ ಬರ್ತೇನಿ ಎಂದೇ. ಅವಳು ಯಾವುದನ್ನು ಹೇಳಿದಳೋ ನನಗೆ ಇನ್ನೂ ಗೊತ್ತಾಗಿಲ್ಲ.